ಹಾಡಿಗೆ ಎಷ್ಟು, ಗಂಟೆಗೆ ಎಷ್ಟು? ಹೊಸ ರೆಕಾರ್ಡಿಂಗ್ ಎಂಜಿನಿಯರ್‌ಗೆ ದರದ ಲೆಕ್ಕ

ಮೈಸೂರಿನಲ್ಲಿ ರೆಕಾರ್ಡಿಂಗ್‌ಗೆ ಅಂತ ಫೋನ್ ಮಾಡುವವರು ಮೊದಲು ಕೇಳುವುದು ಒಂದೇ ಮಾತು. "ಸರ್, ಒಂದು ಹಾಡಿಗೆ ಎಷ್ಟು ತಗೋತೀರಿ?" ಗಂಟೆಗೆ ಎಷ್ಟು ಅಂತ ಕೇಳುವವರು ಬಹಳ ಕಡಿಮೆ. ಆದರೆ ಈ ಕೆಲಸಕ್ಕೆ ಹೊಸದಾಗಿ ಇಳಿದವರಿಗೆ ಎಲ್ಲರೂ ಹೇಳಿಕೊಡುವುದು ಗಂಟೆಯ ದರ ಇಡುವುದನ್ನು. ಹೀಗಾಗಿ ಮೊದಲ ಫೋನಿಗೇ ತಡವರಿಸುತ್ತೇವೆ. ಬಾಯಿಗೆ ಬಂದ ಅಂಕಿ ಹೇಳಿಬಿಡುತ್ತೇವೆ. ಆಮೇಲೆ ತಿಂಗಳುಗಟ್ಟಲೆ ಆ ಅಂಕಿಯ ಜೊತೆ ಏಗಬೇಕು.

ನನಗೂ ಹಾಗೇ ಆಯಿತು. ಶುರುವಿನ ವರ್ಷ ಒಂದು ಭಕ್ತಿಗೀತೆ ಆಲ್ಬಂ ಒಪ್ಪಿಕೊಂಡೆ. 8 ಹಾಡು, ಹಾಡಿಗೆ 3,000 ರೂಪಾಯಿ, ಒಟ್ಟು 24,000. ಆಗ ಅದು ದೊಡ್ಡ ಮೊತ್ತ ಅನ್ನಿಸಿತ್ತು. ಹಾಡುವವರು ಒಳ್ಳೆಯವರೇ. ಆದರೆ ಪ್ರತಿ ಹಾಡಿಗೂ ಮನೆಯವರೆಲ್ಲ ಬಂದು ಕೂತರು. ಕೊಳಲು ಸ್ವಲ್ಪ ಜಾಸ್ತಿ ಕೇಳಲಿ ಅಂತ ಒಬ್ಬರು, ಕೊಳಲೇ ಬೇಡ ಅಂತ ಇನ್ನೊಬ್ಬರು. ಮಿಕ್ಸ್, ಅಂದರೆ ದನಿ ಮತ್ತು ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ, ಮುಗಿದ ಮೇಲೆ ಒಂದು ಚರಣದ ಸಾಹಿತ್ಯವೇ ಬದಲಾಯಿತು. ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ನೋಟ್‌ಬುಕ್ಕಿನಲ್ಲಿ ಕೂಡಿಸಿ ನೋಡಿದರೆ 160 ಗಂಟೆ. ಗಂಟೆಗೆ 150 ರೂಪಾಯಿ ಬಿತ್ತು. ಕರೆಂಟ್ ಬಿಲ್ಲು, ರೂಮಿನ ಬಾಡಿಗೆ ಎಲ್ಲ ಅದರಲ್ಲೇ. ತಪ್ಪು ಅವರದಲ್ಲ. ಎಷ್ಟು ಸಲ ಬದಲಾಯಿಸಬಹುದು ಅಂತ ನಾನು ಹೇಳಿರಲೇ ಇಲ್ಲ.

ಅಂದಿನಿಂದ ದರ ಹೇಳುವ ಮುಂಚೆ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕೆಲಸದಲ್ಲಿ ಸಮಯ ಯಾರ ಕೈಯಲ್ಲಿದೆ? ಹಾಡುವವರ ಕೈಯಲ್ಲಿದ್ದರೆ ಗಂಟೆ ಲೆಕ್ಕ. ನನ್ನ ಕೈಯಲ್ಲಿದ್ದರೆ ಹಾಡಿನ ಲೆಕ್ಕ. ಇಬ್ಬರ ಕೈಯಲ್ಲೂ ಇಲ್ಲ ಅಂದರೆ ದಿನದ ಲೆಕ್ಕ. ಈ ಮೂರರಲ್ಲಿ ಯಾವುದು ಯಾವಾಗ, ಯಾಕೆ ಅನ್ನುವುದನ್ನು ಈಗ ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಗಂಟೆಯ ಬೆಲೆ ನಿಮಗೆ ಗೊತ್ತಿರಲಿ

ಗಿರಾಕಿಗೆ ಯಾವ ಲೆಕ್ಕದಲ್ಲಿ ಹೇಳಿದರೂ ಸರಿ, ನಿಮ್ಮ ಒಂದು ಗಂಟೆ ಎಷ್ಟಕ್ಕೆ ಬೀಳುತ್ತದೆ ಅನ್ನುವುದು ನಿಮಗೆ ತಿಳಿದಿರಬೇಕು. ಅದನ್ನು ಹೊರಗೆ ಹೇಳಬೇಕಾಗಿಲ್ಲ. ಅದಕ್ಕಿಂತ ಕೆಳಗೆ ಇಳಿದರೆ ಕೈಯಿಂದ ಹಾಕುತ್ತಿದ್ದೀರಿ, ಅಷ್ಟು ಗೊತ್ತಾದರೆ ಸಾಕು.

ಕುವೆಂಪುನಗರದಲ್ಲೋ ಸರಸ್ವತೀಪುರದಲ್ಲೋ ಮನೆಯ ಮಹಡಿ ಮೇಲೆ ಒಂದು ರೂಮು ಮಾಡಿಕೊಂಡಿದ್ದೀರಿ ಅಂದುಕೊಳ್ಳಿ. ಇಲ್ಲಿ ಕೊಡುವ ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮವು ಬೇರೆ ಇರುತ್ತವೆ. ಮನೆಗೆ ಮತ್ತು ಸ್ವಂತ ಖರ್ಚಿಗೆ ತಿಂಗಳಿಗೆ 18,000. ರೂಮಿಗೆ 5,000. ಅಪ್ಪನ ಮನೆ ಆದರೂ ಇದನ್ನು ಬರೆಯಿರಿ. ಆ ರೂಮನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರೆ ದುಡ್ಡು ಬರುತ್ತಿತ್ತು, ಅಲ್ವಾ? ಕರೆಂಟ್ ಮತ್ತು ಇಂಟರ್ನೆಟ್‌ಗೆ 1,800. ಓಡಾಟ, ಕಾಫಿ–ಟೀಗೆ 1,200. ಜ್ವರ ಬಂದು ವಾರ ಮಲಗಿದರೆ ಬೇಕು ಅಂತ ಎತ್ತಿಡುವುದು 2,000.

ಹೆಚ್ಚಿನವರು ಬಿಟ್ಟುಬಿಡುವುದು ಸಾಮಾನಿನ ಸವಕಳಿ. ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್, ಎರಡು ಕಂಡೆನ್ಸರ್ ಮೈಕ್, ಮಾನಿಟರ್ ಸ್ಪೀಕರ್, ಹೆಡ್‌ಫೋನ್, ಸ್ಟ್ಯಾಂಡು, ಕೇಬಲ್ಲು ಸೇರಿ 1,92,000 ಆಯಿತು ಅನ್ನಿ. ನಾಲ್ಕು ವರ್ಷ ಬಾಳಿಕೆ ಬಂದರೆ ತಿಂಗಳಿಗೆ 4,000. ಮೈಕು ಇನ್ನೂ ಜಾಸ್ತಿ ವರ್ಷ ಬರುತ್ತದೆ. ಆದರೆ ಲ್ಯಾಪ್‌ಟಾಪು, ಹೆಡ್‌ಫೋನು ಬರುವುದಿಲ್ಲ. ಸಾಫ್ಟ್‌ವೇರನ್ನೂ ಇದರಲ್ಲೇ ಸೇರಿಸಿ. ಸದ್ದು ತಿದ್ದುವ ಪ್ಲಗಿನ್‌ಗಳನ್ನು ಕದ್ದು ಅವುಗಳ ಮೇಲೆ ಉದ್ಯೋಗ ಕಟ್ಟಬೇಡಿ ಅಂತ ಕಳಕಳಿಯಿಂದ ಹೇಳುತ್ತೇನೆ. ರೀಪರ್‌ನಂಥ ಪೂರ್ತಿ ಪ್ರಮಾಣದ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಣ್ಣ ಆದಾಯದವರಿಗೆ 60 ಡಾಲರ್‌ಗೆ ಸಿಗುತ್ತದೆ. ಅದರ ಒಳಗೇ ಬರುವ, ಸದ್ದಿನ ಸ್ವರೂಪ ಮತ್ತು ಏರಿಳಿತ ತಿದ್ದುವ ಈಕ್ಯೂ, ಕಂಪ್ರೆಸರ್‌ಗಳಿಂದ ಒಳ್ಳೆಯ ಮಿಕ್ಸ್ ಮಾಡಬಹುದು.

ಎಲ್ಲ ಕೂಡಿಸಿದರೆ ತಿಂಗಳಿಗೆ 32,000.

ಈಗ ಇದನ್ನು ಎಷ್ಟು ಗಂಟೆಯಿಂದ ಭಾಗಿಸಬೇಕು? ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ, ಒಟ್ಟು 208 ಗಂಟೆ ಅಂತ ಹಿಡಿದರೆ ಗಂಟೆಗೆ 154 ರೂಪಾಯಿ ಬರುತ್ತದೆ. ಇದೇ ದೊಡ್ಡ ತಪ್ಪು. ಫೋನ್ ಮಾತು, ಫೈಲ್ ಕಳಿಸುವುದು, ಕೇಬಲ್ ರಿಪೇರಿ, ಬಾಕಿ ವಸೂಲಿ, ಬರುತ್ತೇನೆ ಅಂದವರು ಬಾರದ ಮಧ್ಯಾಹ್ನ, ಇವಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಜೊತೆಗೆ ನಮ್ಮ ಊರಿನ ಕೆಲಸ ಹಬ್ಬದ ಬೆನ್ನು ಹತ್ತಿ ಬರುತ್ತದೆ. ಆಷಾಢ ಶುಕ್ರವಾರಗಳಿಗೆ ಮುಂಚೆ ಚಾಮುಂಡಿ ಹಾಡುಗಳು. ಆಮೇಲೆ ಗೌರಿ–ಗಣೇಶ, ದಸರಾ. ಕಾರ್ತಿಕ ಬಂದರೆ ಅಯ್ಯಪ್ಪ. ಡಿಸೆಂಬರ್‌ನಲ್ಲಿ ಶಾಲೆಗಳ ವಾರ್ಷಿಕೋತ್ಸವ. ನಡುವೆ ಖಾಲಿ ವಾರಗಳು. ಹಾಗಾಗಿ ದುಡ್ಡು ತರುವ ಗಂಟೆ ತಿಂಗಳಿಗೆ 80 ಅಂತ ಹಿಡಿಯಿರಿ. ಆಗ ಗಂಟೆಗೆ 400. ಮೊದಲ ವರ್ಷ 64 ಗಂಟೆಯೇ ಸಿಕ್ಕಿತು ಅಂದರೆ 500.

154 ಮತ್ತು 400 ನಡುವಿನ ಈ ಅಂತರದಲ್ಲೇ ಎಷ್ಟೋ ಹುಡುಗರು ಎರಡನೇ ವರ್ಷಕ್ಕೆ ಮೈಕ್ ಮಾರಿ ಬೇರೆ ಕೆಲಸ ಹುಡುಕುತ್ತಾರೆ. ಕಿವಿ ಚೆನ್ನಾಗಿರುವವರು ಹಾಗೆ ಹೋದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

"ಮನೆಯಲ್ಲೇ ಇರೋ ಸ್ಟುಡಿಯೋ ತಾನೇ, ಅದಕ್ಯಾಕೆ ಇಷ್ಟು?" ಅನ್ನುವ ಮಾತು ಬರುತ್ತದೆ. ಈ ಊರಿನಲ್ಲಿ ಆ ಮಾತಿಗೆ ತಲೆತಗ್ಗಿಸಬೇಕಾಗಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು. ಆಕಾಶವಾಣಿ ಅನ್ನುವ ಹೆಸರು ಆ ಮನೆಯ ನಿಲಯದ್ದೇ. ಮನೆಯಲ್ಲಿ ಮಾಡಿದ ಕೆಲಸ ಅಂತ ಬೆಲೆ ಇಳಿಸುವುದಿಲ್ಲ. ರೂಮಿನ ಸದ್ದು ಚೆನ್ನಾಗಿಲ್ಲದಿದ್ದರೆ ಮಾತ್ರ ಇಳಿಸಬೇಕು. ಅಥವಾ ರೂಮನ್ನು ಸರಿಮಾಡಿಕೊಳ್ಳಬೇಕು.

ಗಂಟೆ ಲೆಕ್ಕ: ಹಾಡುವವರು, ನುಡಿಸುವವರು ರೂಮಿನಲ್ಲಿ ಇರುವಾಗ

ಗಾಯಕರು ಬಂದು ಮೈಕ್ ಮುಂದೆ ನಿಂತ ಮೇಲೆ ಸಮಯ ನಿಮ್ಮ ಕೈಯಲ್ಲಿ ಇರುವುದಿಲ್ಲ. ಒಬ್ಬರು ಪಲ್ಲವಿ, ಎರಡು ಚರಣ ಮುಕ್ಕಾಲು ಗಂಟೆಯಲ್ಲಿ ಹಾಡಿ ಹೋಗುತ್ತಾರೆ. ಇನ್ನೊಬ್ಬರಿಗೆ ಅದೇ ಹಾಡಿಗೆ ಮೂರು ಗಂಟೆ ಬೇಕು. ವಾದ್ಯದವರು ಬಂದರಂತೂ ಇನ್ನೂ ಬೇರೆ. ತಬಲಾ ಶ್ರುತಿ ಸೇರಬೇಕು. ಮೃದಂಗದ ತೊಪ್ಪಿಗೆ ರವೆ ಹಚ್ಚಬೇಕು. ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗಿ ಅರ್ಧ ಹಾಡಿಗೆ ಶ್ರುತಿ ಇಳಿಯುತ್ತದೆ. ಹಾಡುವವರು "ಅರ್ಧ ಮನೆ ಕೆಳಗೆ ಹಾಡ್ತೀನಿ" ಅಂತ ಶ್ರುತಿ ಇಳಿಸಿದರೆ ಎಲ್ಲ ಮತ್ತೆ ಮೊದಲಿಂದ. ಇದು ಕಲೆಗೆ ಬೇಕಾದ ಸಮಯ. ಅವಸರ ಮಾಡಿಸಬಾರದು. ಆದರೆ ಅದರ ಖರ್ಚನ್ನು ನೀವೊಬ್ಬರೇ ಹೊರಬಾರದು. ಅದಕ್ಕೇ ಗಂಟೆ ಲೆಕ್ಕ.

ಗಂಟೆ ಲೆಕ್ಕ ಇಟ್ಟರೆ ಗಡಿಯಾರ ಯಾವಾಗ ಶುರು, ಯಾವಾಗ ನಿಲ್ಲುತ್ತದೆ ಅನ್ನುವುದನ್ನು ಮೊದಲೇ ಹೇಳಿ. ನಾನು ಇಟ್ಟುಕೊಂಡಿರುವ ಕ್ರಮ ಹೀಗಿದೆ. ಕಡಿಮೆ ಅಂದರೆ ಎರಡು ಗಂಟೆ ಬುಕಿಂಗ್. ಹತ್ತು ಗಂಟೆಗೆ ಅಂತ ಹೇಳಿದ್ದರೆ ಹತ್ತರಿಂದಲೇ ಲೆಕ್ಕ, ಹದಿನೈದು ನಿಮಿಷದ ತಡ ಮಾಫಿ. ಮೈಕ್ ಇಡುವುದು, ಹೆಡ್‌ಫೋನ್ ಮಟ್ಟ ನೋಡುವುದು ನನ್ನ ಕೆಲಸ, ಅದನ್ನು ಅವರು ಬರುವ ಮುಂಚೆ ಮುಗಿಸಿರುತ್ತೇನೆ, ಲೆಕ್ಕಕ್ಕೆ ಸೇರಿಸುವುದಿಲ್ಲ. ವಾದ್ಯ ಶ್ರುತಿ ಮಾಡುವುದು ಲೆಕ್ಕಕ್ಕೆ ಸೇರುತ್ತದೆ. ಕಾಫಿಗೆ ಬಿಟ್ಟ ಹೊತ್ತು ಸೇರುವುದಿಲ್ಲ. ಎರಡು ಗಂಟೆ ದಾಟಿದ ಮೇಲೆ ಅರ್ಧ ಗಂಟೆಯ ಲೆಕ್ಕದಲ್ಲಿ ಕೂಡಿಸುತ್ತೇನೆ.

ಕರೆಂಟ್ ಹೋದರೆ? ಚೆಸ್ಕಾಂ ಕೈಕೊಟ್ಟ ಹೊತ್ತನ್ನು ಗಿರಾಕಿಯಿಂದ ವಸೂಲಿ ಮಾಡುವುದು ಸರಿಯಲ್ಲ. ಗಡಿಯಾರ ನಿಲ್ಲಿಸಿ. ಯುಪಿಎಸ್ ಒಂದಿದ್ದರೆ ಆಗ ಹಾಡುತ್ತಿದ್ದ ಟೇಕಾದರೂ ಉಳಿಯುತ್ತದೆ. ಧನುರ್ಮಾಸದಲ್ಲಿ ಬೆಳಗಿನ ಹೊತ್ತು ದೇವಸ್ಥಾನದ ಮೈಕು, ತಗಡಿನ ಸೂರಿನ ಮೇಲೆ ಮಳೆ, ಪಕ್ಕದ ಮನೆಯ ಬೋರ್‌ವೆಲ್, ಇವೂ ಹಾಗೇ. ನಿಮ್ಮ ಜಾಗದ ಕೊರತೆಗೆ ಅವರು ದುಡ್ಡು ಕೊಡಬಾರದು.

ಗಂಟೆ ಲೆಕ್ಕದಲ್ಲಿ ಎರಡು ತೊಂದರೆ ಇವೆ. ಮೊದಲನೆಯದು ಹೊಸ ಗಾಯಕರದ್ದು. ಗೋಡೆಯ ಗಡಿಯಾರ ನೋಡುತ್ತಾ ಹಾಡಿದರೆ ಗಂಟಲು ಬಿಗಿಯುತ್ತದೆ. ಮೊದಲ ಸಲ ಸ್ಟುಡಿಯೋಗೆ ಬಂದ ಅಮ್ಮಂದಿರು, ಮಕ್ಕಳು "ಟೈಮ್ ಆಗ್ತಿದೆಯಾ ಸರ್?" ಅಂತ ಮೂರು ಸಲ ಕೇಳಿದರೆ ಆ ಟೇಕ್ ಹೋಯಿತು ಅಂತಲೇ ಅರ್ಥ. ಎರಡನೆಯದು ನಿಮ್ಮದು. ಕೈ ಪಳಗಿದಂತೆ ಕೆಲಸ ಬೇಗ ಮುಗಿಯುತ್ತದೆ, ಗಂಟೆ ಕಡಿಮೆ ಆಗುತ್ತದೆ, ದುಡ್ಡೂ ಕಡಿಮೆ ಆಗುತ್ತದೆ. ಚೆನ್ನಾಗಿ ಕಲಿತದ್ದಕ್ಕೆ ಸಂಪಾದನೆ ಇಳಿಯುವುದು ನ್ಯಾಯವಲ್ಲ.

ಮೊದಲ ತೊಂದರೆಗೆ ಒಂದು ದಾರಿ ಇದೆ. ಹಾಡಿನ ದರ ಹೇಳಿ, ಅದಕ್ಕೆ ಗಂಟೆಯ ಮಿತಿ ಹಾಕಿ. "ಕರೋಕೆ ಮೇಲೆ ಒಂದು ಹಾಡು, ಮೂರು ಗಂಟೆವರೆಗೆ 1,500. ಮೂರು ಗಂಟೆ ಮೀರಿದರೆ ಗಂಟೆಗೆ 500." ಹೆಚ್ಚಿನವರು ಎರಡು ಗಂಟೆಯಲ್ಲಿ ಮುಗಿಸುತ್ತಾರೆ, ನಿಮಗೆ ಲಾಭ. ಮೂರಕ್ಕೆ ಹೋದರೂ ನಷ್ಟ ಇಲ್ಲ. ಅವರಿಗೆ ಕೇಳಿದ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ, ಹಾಡುವಾಗ ಗಡಿಯಾರದ ಭಯ ಇರುವುದಿಲ್ಲ. ಶುರು ಮಾಡುವವರು ಒಂದೇ ಒಂದು ದರ ಇಟ್ಟುಕೊಳ್ಳಬೇಕು ಅಂದರೆ ಇದನ್ನೇ ಇಟ್ಟುಕೊಳ್ಳಿ ಅಂತೀನಿ.

ಎರಡನೆಯ ತೊಂದರೆಗೆ ಹಾಡಿನ ಲೆಕ್ಕವೇ ಔಷಧಿ.

ಹಾಡಿನ ಲೆಕ್ಕ: ನೀವೊಬ್ಬರೇ ಕೂತು ಮಾಡುವ ಕೆಲಸಕ್ಕೆ

ಎಡಿಟಿಂಗ್, ಪಿಚ್ (ಶ್ರುತಿ) ಸರಿಮಾಡುವುದು, ಮಿಕ್ಸಿಂಗ್, ಮಾಸ್ಟರಿಂಗ್ (ಮುಗಿದ ಮಿಕ್ಸಿಗೆ ಕೊನೆಯ ಹದ ಕೊಡುವುದು) ಇವೆಲ್ಲ ನೀವು ಒಬ್ಬರೇ ಕೂತು ಮಾಡುವಂಥವು. ಬೇಗ ಮಾಡುವುದೋ ನಿಧಾನವೋ ನಿಮ್ಮ ಕೈಯಲ್ಲಿದೆ. ಇಲ್ಲಿ ಗಂಟೆ ಲೆಕ್ಕ ಹೇಳಿದರೆ ಗಿರಾಕಿಗೆ ಅನುಮಾನ ಬರುವುದು ಸಹಜ. ನೀವು ಒಂಬತ್ತು ಗಂಟೆ ಕೂತಿರೋ ಐದು ಗಂಟೆ ಕೂತಿರೋ ಅವರು ನೋಡಿಲ್ಲ. ಹಾಗಾಗಿ ಒಂದು ಹಾಡಿಗೆ ಇಷ್ಟು ಅನ್ನಿ.

ಎಷ್ಟು ಅನ್ನುವುದಕ್ಕೆ ಮತ್ತೆ ನಿಮ್ಮ ಗಂಟೆಯ ಬೆಲೆಗೇ ಬರಬೇಕು. ಒಂದು ಭಾವಗೀತೆ ತಗೊಳ್ಳಿ. ದನಿ, ಕೋರಸ್, ತಬಲಾ, ಕೊಳಲು, ಹಾರ್ಮೋನಿಯಂ, ಕೀಬೋರ್ಡಿನ ಐದಾರು ಟ್ರ್ಯಾಕ್, ಹೀಗೆ ಬೇರೆ ಬೇರೆಯಾಗಿ ರೆಕಾರ್ಡ್ ಆದ ಪದರಗಳು ಒಟ್ಟು 12–15 ಟ್ರ್ಯಾಕ್. ಟೇಕ್ ಆರಿಸಿ ಜೋಡಿಸಿ ಪಿಚ್ ನೋಡಲು 3 ಗಂಟೆ. ಮಿಕ್ಸಿಗೆ 4. ಕರೆಕ್ಷನ್‌ಗೆ ಒಂದೂವರೆ. ಮಾಸ್ಟರ್ ಮಾಡಿ ಫೈಲ್ ತೆಗೆದು ಕಳಿಸಲು ಅರ್ಧ. ಒಟ್ಟು 9 ಗಂಟೆ. 400ರಂತೆ 3,600. ಅದರ ಮೇಲೆ ಕಾಲು ಭಾಗ ಸೇರಿಸಿ, 4,500 ಹೇಳಿ. ಆ ಕಾಲು ಭಾಗ ದುರಾಸೆಯದ್ದಲ್ಲ. ಕೆಲವು ಹಾಡು ಖಂಡಿತ ಹನ್ನೊಂದು ಗಂಟೆ ತಿನ್ನುತ್ತವೆ. ಯಾವುದು ಅಂತ ಮೊದಲೇ ಗೊತ್ತಾಗುವುದಿಲ್ಲ.

ಎಲ್ಲ ಹಾಡಿಗೂ ಒಂದೇ ದರ ಇಡಬೇಡಿ. ಕರೋಕೆ ಮೇಲೆ ಒಂದೇ ದನಿ ಇದ್ದರೆ ಕೆಲಸ ಮೂರು ಗಂಟೆಯದ್ದು. ವೀಣೆ ಕಛೇರಿಯ ಒಂದು ಕೀರ್ತನೆಗೆ ಟ್ರ್ಯಾಕ್ ಮೂರೇ ಇರಬಹುದು, ಆದರೆ ಅದು ಇಪ್ಪತ್ತು ನಿಮಿಷದ್ದು, ಮೀಟಿನ ಸದ್ದು, ಉಸಿರು, ಕುರ್ಚಿಯ ಕಿರಿಕಿರಿ ಎಲ್ಲ ಕೇಳಿ ನೋಡಬೇಕು. ಅದಕ್ಕೇ ದರ ಹೇಳುವ ಮುಂಚೆ ಎಷ್ಟು ಟ್ರ್ಯಾಕ್, ಎಷ್ಟು ನಿಮಿಷ, ಎಲ್ಲಿ ರೆಕಾರ್ಡ್ ಆಗಿದೆ, ಮೂರನ್ನೂ ಕೇಳಿ. ಸಾಧ್ಯವಾದರೆ ಫೈಲ್ ತರಿಸಿಕೊಂಡು ಎರಡು ನಿಮಿಷ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿದ ದನಿ ಕಳಿಸಿ "ಸ್ಟುಡಿಯೋ ಥರ ಮಾಡ್ಕೊಡಿ" ಅನ್ನುವವರಿಗೆ ಆಗುವುದನ್ನು ಮಾತ್ರ ಹೇಳಿ. ಆಗದ್ದಕ್ಕೆ ದರ ಇಲ್ಲ.

ಹಾಡಿನ ಲೆಕ್ಕದ ಪ್ರಾಣ ಇರುವುದು ಕರೆಕ್ಷನ್‌ನ ಮಿತಿಯಲ್ಲಿ. ನನ್ನ 160 ಗಂಟೆ ಹೋದದ್ದು ಅಲ್ಲೇ. ಎರಡು ಸುತ್ತು ದರದೊಳಗೆ. ಮೂರನೆಯದರಿಂದ ಗಂಟೆಗೆ 500. ಒಂದು ಸುತ್ತು ಅಂದರೆ ಎಲ್ಲ ಬದಲಾವಣೆ ಒಂದೇ ಪಟ್ಟಿಯಲ್ಲಿ, ಒಬ್ಬರ ಕಡೆಯಿಂದ. ಬೆಳಿಗ್ಗೆ ಒಂದು ವಾಯ್ಸ್ ಮೆಸೇಜ್, ರಾತ್ರಿ ಅವರ ಭಾವನಿಂದ ಇನ್ನೊಂದು, ಹೀಗೆ ಬಂದರೆ ಲೆಕ್ಕ ತಪ್ಪುತ್ತದೆ. "ಮನೆಯಲ್ಲಿ ಎಲ್ಲರೂ ಕೇಳಿ, ಹಾಡಿನ ಎಷ್ಟನೇ ನಿಮಿಷ ಅಂತ ಬರೆದು, ಒಟ್ಟಿಗೆ ಕಳಿಸಿ ಮೇಡಂ" ಅಂತ ವಿನಯದಿಂದ ಕೇಳಿ. ಜನ ಕಳಿಸುತ್ತಾರೆ. ಮಿಕ್ಸ್ ಒಪ್ಪಿದ ಮೇಲೆ ಸಾಹಿತ್ಯ ಬದಲಾಗಿ ಮತ್ತೆ ಹಾಡಬೇಕಾದರೆ ಅದು ಕರೆಕ್ಷನ್ ಅಲ್ಲ, ಹೊಸ ರೆಕಾರ್ಡಿಂಗ್. ಇದನ್ನೂ ಮೊದಲೇ ಹೇಳಿರಿ.

ಪೂರ್ತಿ ಆಲ್ಬಂಗೆ ಒಂದೇ ಮೊತ್ತ ಕೇಳುವವರು ಇದ್ದಾರೆ. ಒಪ್ಪಬಹುದು, ಆದರೆ ಒಳಗೆ ಎರಡು ಭಾಗ ಮಾಡಿ. ರೆಕಾರ್ಡಿಂಗ್‌ಗೆ ಇಷ್ಟು ಗಂಟೆ ಅಂತ ಬರೆಯಿರಿ, ಮಿಕ್ಸಿಂಗ್‌ಗೆ ಇಷ್ಟು ಹಾಡು ಅಂತ ಬರೆಯಿರಿ. ಹತ್ತು ಹಾಡು ಒಟ್ಟಿಗೆ ಕೊಟ್ಟರು ಅಂತ ಸ್ವಲ್ಪ ಇಳಿಸುವುದು ಸರಿಯೇ, ಯಾಕಂದರೆ ಮೊದಲ ಹಾಡಿಗೆ ಹೊಂದಿಸಿದ್ದು ಉಳಿದವಕ್ಕೂ ಒದಗುತ್ತದೆ. ನಾನು ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಸುವುದಿಲ್ಲ.

ದಿನದ ಲೆಕ್ಕ: ರೂಮು ಬಿಟ್ಟು ಹೊರಟಾಗ

ಮಂಡ್ಯ ಕಡೆಯ ಒಂದು ಊರಿನಲ್ಲಿ ಕಂಸಾಳೆ ತಂಡದ ರೆಕಾರ್ಡಿಂಗ್ ಇದೆ ಅಂದುಕೊಳ್ಳಿ. ಅಲ್ಲಿ ಗಂಟೆಯ ಮಾತು ಆಡುವುದೇ ತಪ್ಪು. ಮಾದಪ್ಪನ ಕಥೆ ಹಾಡುವವರಿಗೆ ಹಾಡು ಮೂರೂವರೆ ನಿಮಿಷದ ಸರಕಲ್ಲ. ಅದು ರಾತ್ರಿಯೆಲ್ಲ ನಡೆಯುವ ಕಥೆ. ಅವರಿಗೆ ಹದ ಬರುವವರೆಗೆ ಕಾಯಬೇಕು. ಬಂದ ಮೇಲೆ ನಡುವೆ ನಿಲ್ಲಿಸಿ "ಇನ್ನೊಂದು ಟೇಕ್" ಅಂದರೆ ಆ ಹದ ಮತ್ತೆ ಸಿಗುವುದಿಲ್ಲ. ಕಂಚಿನ ತಾಳದ ಏಟು ಎಷ್ಟು ಚೂಪು ಅಂದರೆ ಹತ್ತಿರ ಮೈಕ್ ಇಟ್ಟರೆ ದನಿಯನ್ನೇ ನುಂಗುತ್ತದೆ. ಮೈಕ್ ದೂರ ಸರಿಸಿ, ಮಟ್ಟ ಇಳಿಸಿ, ಜಾಗ ಬದಲಾಯಿಸಿ ನೋಡಲೇ ಒಂದು ಗಂಟೆ ಬೇಕು. ನಡುವೆ ಪಂಪ್‌ಸೆಟ್ ಶುರುವಾಗುತ್ತದೆ, ಟ್ರ್ಯಾಕ್ಟರ್ ಬರುತ್ತದೆ, ಸಂಜೆ ಆದರೆ ಗದ್ದೆಯ ಕಪ್ಪೆಗಳು. ಸಮಯ ಇಲ್ಲಿ ಯಾರ ಕೈಯಲ್ಲೂ ಇಲ್ಲ. ಅರ್ಧ ದಿನ ಅಥವಾ ಒಂದು ದಿನ, ಅಷ್ಟೇ ಲೆಕ್ಕ. ಸಿನಿಮಾದವರು ಕಾಲ್‌ಶೀಟ್ ಅನ್ನುವುದೂ ಇದೇ ರೀತಿಯದ್ದು.

ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ಹೋಗಿ ಬರಲು ಎರಡು ಗಂಟೆ ಅಂತ ಹಿಡಿಯಿರಿ. ಸ್ಥಳದಲ್ಲಿ 8 ಗಂಟೆ. ಮನೆಗೆ ಬಂದು ಫೈಲ್ ಎರಡು ಕಡೆ ಕಾಪಿ ಮಾಡಲು ಒಂದು ಗಂಟೆ. ಒಟ್ಟು 11 ಗಂಟೆ, 400ರಂತೆ 4,400. ಮೈಕ್, ಸ್ಟ್ಯಾಂಡು ಧೂಳಿಗೆ, ಬಿಸಿಲಿಗೆ ಹೋಗುತ್ತವೆ, ಅದಕ್ಕೂ ಸೇರಿಸಿ ದಿನಕ್ಕೆ 5,000. ವಾಹನದ ಖರ್ಚು, ಊಟ ಬೇರೆ. ಸಹಾಯಕ್ಕೆ ಒಬ್ಬರು ಬಂದರೆ ಅವರ ಕೂಲಿಯೂ ಬೇರೆ. ಅವರಿಗೆ ಆ ದಿನವೇ ಕೊಟ್ಟುಬಿಡಿ.

ಹಾರ್ಡ್‌ಡಿಸ್ಕಿನ ಖರ್ಚು ಮರೆಯಬೇಡಿ. 24 ಬಿಟ್, 48 ಕಿಲೋಹರ್ಟ್ಜ್ ಗುಣಮಟ್ಟದಲ್ಲಿ ಒಂದು ಟ್ರ್ಯಾಕ್ ಗಂಟೆಗೆ ಅರ್ಧ ಜಿಬಿಗಿಂತ ಸ್ವಲ್ಪ ಜಾಸ್ತಿ ತಿನ್ನುತ್ತದೆ. 8 ಮೈಕ್ ಹಾಕಿ 5 ಗಂಟೆ ರೆಕಾರ್ಡ್ ಮಾಡಿದರೆ 20 ಜಿಬಿ ದಾಟುತ್ತದೆ. ಎರಡು ಕಾಪಿ ಅಂದರೆ 40. ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅನ್ನುವುದನ್ನೂ ಹೇಳಿ. ನಾನು ಆರು ತಿಂಗಳು ಅನ್ನುತ್ತೇನೆ. ಆದರೆ ಹಿರಿಯ ಜನಪದ ಕಲಾವಿದರ ದನಿಯನ್ನು ಅಳಿಸಲು ಮನಸ್ಸು ಬರುವುದಿಲ್ಲ. ಅದಕ್ಕೆ ಬೇರೆ ಡಿಸ್ಕ್ ಇಟ್ಟಿದ್ದೇನೆ, ಅದರ ಖರ್ಚು ನನ್ನದೇ.

ದಿನದ ಲೆಕ್ಕದಲ್ಲಿ ಮಳೆ ಬಂದು ನಿಂತರೆ ಏನು ಅನ್ನುವ ಮಾತು ಮೊದಲೇ ಆಗಿರಲಿ. ಹಿಂದಿನ ದಿನ ಸಂಜೆಯೊಳಗೆ ಹೇಳಿದರೆ ಏನೂ ಇಲ್ಲ. ಹೊರಟ ಮೇಲೆ ನಿಂತರೆ ಅರ್ಧ ದಿನದ ದುಡ್ಡು.

ಓದುವುದು, ಮಾತಾಡುವುದು

ಆಡಿಯೋ ಪುಸ್ತಕ, ಜಾಹೀರಾತಿನ ದನಿ, ಪಾಡ್‌ಕಾಸ್ಟ್ ಕೆಲಸವೂ ಬರುತ್ತದೆ. ಪುಸ್ತಕಕ್ಕೆ ಮುಗಿದ ಗಂಟೆಯ ಲೆಕ್ಕ ಒಳ್ಳೆಯದು. ಅಂದರೆ ಕೇಳುಗರ ಕಿವಿಗೆ ಹೋಗುವ ಒಂದು ಗಂಟೆಗೆ ಇಷ್ಟು ಅಂತ. ನನ್ನ ಅನುಭವದಲ್ಲಿ ಪಳಗದ ಓದುಗರು ಒಂದು ಮುಗಿದ ಗಂಟೆಗೆ ಎರಡೂವರೆ ಗಂಟೆ ಓದುತ್ತಾರೆ. ಎಡಿಟಿಂಗ್‌ಗೆ ಇನ್ನೂ ಎರಡೂವರೆ. ಐದು ಗಂಟೆ, 400ರಂತೆ 2,000. ಮೊದಲ ಅಧ್ಯಾಯವನ್ನು ಗಂಟೆ ಲೆಕ್ಕದಲ್ಲಿ ಮಾಡಿ, ಆ ಓದುಗರ ವೇಗ ನೋಡಿಕೊಂಡು ಉಳಿದದ್ದಕ್ಕೆ ದರ ಹೇಳುವುದು ಇನ್ನೂ ಕ್ಷೇಮ. ಜಾಹೀರಾತಿಗೆ ಎರಡು ಗಂಟೆಯ ಕನಿಷ್ಠ ಬುಕಿಂಗ್ ಸಾಕು.

ಸ್ವಂತ ರೂಮಿಲ್ಲದೆ ಬೇರೆಯವರ ಸ್ಟುಡಿಯೋಗೆ ಗಿರಾಕಿಯನ್ನು ಕರೆದುಕೊಂಡು ಹೋಗುವವರೂ ಇದ್ದಾರೆ. ಹಾಗಿದ್ದರೆ ಸ್ಟುಡಿಯೋ ಬಾಡಿಗೆಯನ್ನು ಗಿರಾಕಿಯೇ ನೇರವಾಗಿ ಕೊಡಲಿ. ನಿಮ್ಮ ಗಂಟೆ ಬೇರೆ. ಎರಡನ್ನೂ ಸೇರಿಸಿ ಒಂದೇ ಮೊತ್ತ ಹೇಳಿದರೆ ಹಾಡು ಉದ್ದವಾದಷ್ಟೂ ನಿಮ್ಮ ಪಾಲಿನಿಂದ ಬಾಡಿಗೆ ಹೋಗುತ್ತದೆ. ಆದರೆ ರೂಮು, ಸಾಮಾನಿನ ಖರ್ಚು ಇಲ್ಲದ ಕಾರಣ ನಿಮ್ಮ ಗಂಟೆಯ ಬೆಲೆ ಕಡಿಮೆಯೇ ಬರುತ್ತದೆ. ಆ ಲೆಕ್ಕ ಬೇರೆ ಹಾಕಿ.

ಪಾಲು ಕೊಡುತ್ತೇವೆ ಅಂದರೆ, ಉಚಿತವಾಗಿ ಕೇಳಿದರೆ

"ಈಗ ದುಡ್ಡಿಲ್ಲ ಅಣ್ಣ, ಯೂಟ್ಯೂಬಿನಲ್ಲಿ ಬಂದಿದ್ದರಲ್ಲಿ ಅರ್ಧ ನಿಮಗೆ" ಅನ್ನುವ ಹುಡುಗರು ಬರುತ್ತಾರೆ. ಅವರ ಮಾತು ಸುಳ್ಳಲ್ಲ, ಕನಸು ನಿಜವಾದದ್ದೇ. ಆದರೆ ಲೆಕ್ಕ ಹೀಗಿದೆ. ಚಾನೆಲ್‌ಗೆ 1,000 ಚಂದಾದಾರರು, ಅದರ ಜೊತೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ನೋಡಿದ ಸಮಯ ಅಥವಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಆಗುವವರೆಗೆ ಜಾಹೀರಾತಿನ ಹಣವೇ ಬರುವುದಿಲ್ಲ. ಹೊಸ ಚಾನೆಲ್‌ನ ಅರ್ಧ ಪಾಲು ಅಂದರೆ ಇನ್ನೂ ಹುಟ್ಟದ ದುಡ್ಡಿನ ಅರ್ಧ. ಇನ್ನೊಂದು ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಮೊದಲ ಹಕ್ಕು ಅದನ್ನು ಮುಂದೆ ನಿಂತು ಮಾಡಿಸಿದ ನಿರ್ಮಾಪಕರದ್ದು. ಮೈಕ್ ಹಿಡಿದು ಮಿಕ್ಸ್ ಮಾಡಿದ ಮಾತ್ರಕ್ಕೆ ಎಂಜಿನಿಯರ್‌ಗೆ ಹಕ್ಕು ಬರುವುದಿಲ್ಲ. ಪಾಲು ಬೇಕಾದರೆ ಅದು ಸಹಿಯಾದ ಕಾಗದದಲ್ಲೇ ಇರಬೇಕು. ನಾನು ಆ ಹುಡುಗರಿಗೆ ಹೇಳುವುದು ಇಷ್ಟು: ದರದ ಅರ್ಧ ಈಗ ಕೊಡಿ, ಉಳಿದದ್ದು ಮೂರು ತಿಂಗಳಲ್ಲಿ ಕಂತಿನಲ್ಲಿ. ಪಾಲು ಬೇಡ.

ಉಚಿತವಾಗಿ ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ನನಗೆ ಶ್ರುತಿ ಅಂದರೇನು ಅಂತ ಕಲಿಸಿದ ಮೇಷ್ಟ್ರ ಹಾಡನ್ನು ದುಡ್ಡು ತಗೊಂಡು ರೆಕಾರ್ಡ್ ಮಾಡಲಾರೆ. ಶುರುವಿನಲ್ಲಿ ಕೇಳಿಸಲು ಎರಡು ಮೂರು ಒಳ್ಳೆಯ ಕೆಲಸ ಬೇಕು, ಅದಕ್ಕೆ ನೀವೇ ಆರಿಸಿದ ಗಾಯಕರನ್ನು ಕರೆದು ಮಾಡಿ. ಆದರೆ ಅರ್ಧ ದರ ಅನ್ನುವುದು ಬೇಡ. ಅರ್ಧ ದರಕ್ಕೆ ಮಾಡಿಸಿಕೊಂಡವರು ನಾಲ್ಕು ಜನಕ್ಕೆ ಹೇಳುವುದು ಅದೇ ದರವನ್ನು. ಇಳಿಸಲೇಬೇಕು ಅನ್ನಿಸಿದರೆ ಬಿಲ್ಲಿನಲ್ಲಿ ಪೂರ್ತಿ 4,500 ಬರೆದು, ಕೆಳಗೆ ರಿಯಾಯಿತಿ 1,500 ಅಂತ ಬರೆದು, ಕೊಡಬೇಕಾದ್ದು 3,000 ಅಂತ ತೋರಿಸಿ. ಆಗ ನಿಮ್ಮ ದರ ಎಷ್ಟು ಅಂತ ಅವರಿಗೂ ನೆನಪಿರುತ್ತದೆ.

"ಬೆಂಗಳೂರಿನಲ್ಲೇ ಇಷ್ಟಕ್ಕೆ ಮಾಡಿಕೊಡ್ತಾರೆ" ಅನ್ನುವ ಚೌಕಾಸಿಗೆ ಕೋಪ ಬೇಡ. ಹೋಗಲಿ ಬಿಡಿ. ಆದರೆ ಹೋಗಿ ಬರುವುದಕ್ಕೆ 290 ಕಿಲೋಮೀಟರ್, ವಾದ್ಯದವರ ಊಟ ತಿಂಡಿ, ಒಂದು ಪೂರ್ತಿ ದಿನ ಆಗುತ್ತದೆ ಅನ್ನುವುದನ್ನು ಸಮಾಧಾನವಾಗಿ ನೆನಪಿಸಬಹುದು.

ಹೇಳುವ ರೀತಿ, ದುಡ್ಡು ಬರುವ ರೀತಿ

ಫೋನಿನಲ್ಲಿ ತಕ್ಷಣ ಅಂಕಿ ಹೇಳುವ ಅಭ್ಯಾಸ ಬಿಡಿ. "ಹಾಡಿನ ವಿವರ ಕಳಿಸಿ ಸರ್, ಸಂಜೆಯೊಳಗೆ ವಾಟ್ಸಾಪಿನಲ್ಲಿ ಬರೆದು ಕಳಿಸ್ತೀನಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಕಳಿಸುವುದು ಹೀಗಿರುತ್ತದೆ:

"ನಮಸ್ಕಾರ ಸರ್. ಒಂದು ಹಾಡು, ಕರೋಕೆ ಮೇಲೆ. ರೆಕಾರ್ಡಿಂಗ್ ಮೂರು ಗಂಟೆವರೆಗೆ 1,500. ಮೀರಿದರೆ ಗಂಟೆಗೆ 500. ಎಡಿಟಿಂಗ್, ಮಿಕ್ಸಿಂಗ್ 1,800. ಎರಡು ಸಲ ಕರೆಕ್ಷನ್ ಇದರಲ್ಲೇ ಸೇರಿದೆ. ಅರ್ಧ ಅಡ್ವಾನ್ಸ್, ಉಳಿದದ್ದು ಫೈನಲ್ ಫೈಲ್ ಕೊಡುವಾಗ. ಒಪ್ಪಿಗೆ ಆದರೆ 'ಸರಿ' ಅಂತ ಕಳಿಸಿ, ದಿನ ಗೊತ್ತು ಮಾಡೋಣ."

ಆ 'ಸರಿ' ಬಂದ ಮೇಲೆಯೇ ಡೈರಿಯಲ್ಲಿ ದಿನ ಬರೆಯುತ್ತೇನೆ. ಕೇಳಿ ನೋಡಲು ಎಂಪಿ3 ಕಳಿಸಿ, ಪೂರ್ತಿ ಗುಣಮಟ್ಟದ ವೇವ್ ಫೈಲ್ ಬಾಕಿ ಬಂದ ಮೇಲೆ. ಇದು ಅಪನಂಬಿಕೆಯಲ್ಲ, ಎಲ್ಲರಿಗೂ ಒಂದೇ ನಿಯಮ ಇದ್ದರೆ ಯಾರಿಗೂ ನೋವಾಗುವುದಿಲ್ಲ. ಎರಡು ದಿನದೊಳಗೆ ಬೇಕು ಅನ್ನುವ ಅರ್ಜೆಂಟ್ ಕೆಲಸಕ್ಕೆ ಕಾಲು ಭಾಗ ಜಾಸ್ತಿ ಕೇಳಬಹುದು. ಗಣೇಶನ ಹಬ್ಬದ ಹಿಂದಿನ ವಾರ ಇದು ತುಂಬಾ ಬರುತ್ತದೆ. ಹಬ್ಬ ಅಂತ ಎಲ್ಲರಿಗೂ ದರ ಏರಿಸುವುದನ್ನು ಮಾತ್ರ ನಾನು ಮಾಡುವುದಿಲ್ಲ.

ಕಂಪನಿಗಳ ಕೆಲಸ ಮಾಡಿದರೆ ಟಿಡಿಎಸ್, ಅಂದರೆ ಮೊದಲೇ ಹಿಡಿಯುವ ಆದಾಯ ತೆರಿಗೆ, ಕಳೆದು ಕೊಡುತ್ತಾರೆ. ಆ ದುಡ್ಡು ಹೋಗಿಬಿಟ್ಟಿತು ಅಂದುಕೊಳ್ಳಬೇಡಿ. ನಿಮ್ಮ ತೆರಿಗೆ ಅಷ್ಟು ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿದಾಗ ವಾಪಸ್ ಬರುತ್ತದೆ. ಕರ್ನಾಟಕದಲ್ಲಿ ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿ ವಸೂಲಿ ಮಾಡುವಂತಿಲ್ಲ.

ಯಾವ ಲೆಕ್ಕದಲ್ಲಿ ದರ ಹೇಳಿದರೂ ಗಂಟೆಯನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಹಾಡಿನ ಹೆಸರು, ರೆಕಾರ್ಡಿಂಗ್ ಎಷ್ಟು ಗಂಟೆ, ಎಡಿಟ್ ಎಷ್ಟು, ಕರೆಕ್ಷನ್ ಎಷ್ಟು. ಆರು ತಿಂಗಳಾದ ಮೇಲೆ ಯಾವ ಕೆಲಸದಲ್ಲಿ ಗಂಟೆಗೆ 600 ಬಂತು, ಯಾವುದರಲ್ಲಿ 250 ಬಂತು ಅಂತ ಕಣ್ಣಿಗೆ ಕಾಣುತ್ತದೆ. ನನಗೆ ಕಂಡದ್ದು, ಶಾಲೆಯ ಮಕ್ಕಳ ಸಮೂಹಗೀತೆಗೆ ನಾನು ಯಾವಾಗಲೂ ಕಡಿಮೆ ಹೇಳುತ್ತಿದ್ದೆ ಅನ್ನುವುದು. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿ ಸುಮ್ನೆ ಇರಿಸಲೇ ಅರ್ಧ ಗಂಟೆ ಹೋಗುತ್ತಿತ್ತು. ಈಗ ಅದನ್ನು ಅರ್ಧ ದಿನದ ಲೆಕ್ಕಕ್ಕೆ ತಂದಿದ್ದೇನೆ.

ಕೇಳಿದವರೆಲ್ಲ ಒಂದು ಮಾತೂ ಆಡದೆ ಒಪ್ಪುತ್ತಿದ್ದರೆ, ಡೈರಿ ಎರಡು ತಿಂಗಳು ಮುಂದಕ್ಕೂ ತುಂಬಿದ್ದರೆ, ದರ ಏರಿಸುವ ಹೊತ್ತು ಬಂದಿದೆ. ನಾನು ಯುಗಾದಿಗೆ ಏರಿಸುತ್ತೇನೆ. ಒಂದು ತಿಂಗಳು ಮುಂಚೆ ಹಳೆಯ ಗಿರಾಕಿಗಳಿಗೆಲ್ಲ ಮೆಸೇಜ್ ಕಳಿಸುತ್ತೇನೆ. ಹಬ್ಬಕ್ಕೆ ಮುಂಚೆ ಅಡ್ವಾನ್ಸ್ ಕೊಟ್ಟವರಿಗೆ, ಕೆಲಸ ಹಬ್ಬದ ಮೇಲೆ ಆದರೂ, ಹಳೆಯ ದರವೇ.